ಎಲ್ಲಾ ರೋಗಕ್ಕೂ ಒಂದೇ ಮಾತ್ರೆ ಅಂದರೆ: ಔಷಧಿ ಜಾಹೀರಾತು ಓದುವ ಬಗೆ

ಹುಬ್ಬಳ್ಳಿಯ ದುರ್ಗದಬೈಲ್ ಹತ್ತಿರ ನನ್ನದೊಂದು ಔಷಧಿ ಅಂಗಡಿ ಇದೆ. ಡಾಕ್ಟರ ಚೀಟಿ ತರುವವರ ಜೊತೆಗೆ ಮೊಬೈಲ್ ತೋರಿಸುವವರೂ ದಿನಾ ಬರುತ್ತಾರೆ. "ಅಕ್ಕಾರ, ಈ ಪುಡಿ ನಿಮ್ಮಲ್ಲಿ ಸಿಗತದೇನ್ರಿ?" ಅಂತ ಕೇಳುತ್ತಾರೆ. ಸಕ್ಕರೆ ಕಾಯಿಲೆಯನ್ನು ಬುಡಸಮೇತ ಕೀಳುವ ಪುಡಿ, ಆಪರೇಷನ್ ಇಲ್ಲದೆ ಕಿಡ್ನಿ ಕಲ್ಲು ಕರಗಿಸುವ ಹನಿ, ಮೂರು ದಿನದಲ್ಲಿ ಮಂಡಿನೋವು ಓಡಿಸುವ ಎಣ್ಣೆ, ಹೀಗೆ. ಬರೀ "ಬ್ಯಾಡ್ರಿ" ಅಂದರೆ ಸಾಲದು. ತನ್ನ ಮಾಲು ಖರ್ಚಾಗಲಿ ಅಂತ ಅಂಗಡಿಯಾಕೆ ಹೀಗಂತಾಳೆ ಎಂದು ಅನಿಸುವುದು ಸಹಜ.

ಹಾಗಾಗಿ ಬೇಡ ಅನ್ನುವ ಮೊದಲು ಕೌಂಟರ್ ಕೆಳಗಿನಿಂದ ಒಂದು ಫೈಲು ತೆಗೆಯುತ್ತೇನೆ. ಅದರಲ್ಲಿರುವುದು ವಿಕ್ಟೋರಿಯಾ ರಾಣಿಯ ಕಾಲದ, ಅಂದರೆ 1837ರಿಂದ 1901ರವರೆಗಿನ, ಔಷಧಿ ಜಾಹೀರಾತುಗಳ ಪ್ರಿಂಟು. ಮೊದಲು ಅದನ್ನು ಓದೋಣ ಬನ್ನಿ ಅನ್ನುತ್ತೇನೆ. ಆ ಹಳೆಯ ಮಾತ್ರೆಗಳ ಒಳಗೆ ಏನಿತ್ತು ಅಂತ ಇವತ್ತು ನಮಗೆ ಗೊತ್ತಿದೆ. 1909ರಲ್ಲಿ ಬ್ರಿಟಿಷ್ ವೈದ್ಯರ ಸಂಘ ಪೇಟೆಯಲ್ಲಿ ಸಿಗುವ ಗುಟ್ಟಿನ ಔಷಧಿಗಳನ್ನು ತರಿಸಿ, ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ, ಒಳಗೇನಿದೆ, ಅದಕ್ಕೆ ಎಷ್ಟು ಖರ್ಚು ಬೀಳುತ್ತದೆ ಅಂತ ಪುಸ್ತಕವನ್ನೇ ಅಚ್ಚು ಹಾಕಿಸಿತು. ಕೊನೆಯ ಪುಟದಲ್ಲಿ ಉತ್ತರ ಕೊಟ್ಟಿರುವ ಗೈಡಿನಲ್ಲಿ ಮಕ್ಕಳು ಲೆಕ್ಕ ಬಿಡಿಸಿ ಕೈ ಕುದುರಿಸಿಕೊಳ್ಳುತ್ತಾರಲ್ಲ, ಇದೂ ಹಾಗೇ. ಉತ್ತರ ಗೊತ್ತಿರುವ ಜಾಹೀರಾತನ್ನು ಓದಿ ಕಲಿತರೆ, ಉತ್ತರ ಗೊತ್ತಿಲ್ಲದ ಇವತ್ತಿನ ಜಾಹೀರಾತನ್ನೂ ಓದಬಹುದು.

ಮೊದಲು ದುಡ್ಡಿನ ದಾರಿ ನೋಡಿ

ಇಂಗ್ಲೆಂಡಿನಲ್ಲಿ 1853ರಲ್ಲಿ ಜಾಹೀರಾತಿನ ಮೇಲಿನ ತೆರಿಗೆ ಹೋಯಿತು. 1855ರಲ್ಲಿ ಪತ್ರಿಕೆಗಳ ಮೇಲಿನ ಸ್ಟ್ಯಾಂಪ್ ತೆರಿಗೆ, 1861ರಲ್ಲಿ ಕಾಗದದ ತೆರಿಗೆಯೂ ಹೋದವು. ಪತ್ರಿಕೆ ಅಗ್ಗವಾಯಿತು, ಕೂಲಿಕಾರರ ಮನೆಗೂ ಬಂತು. ಡಾಕ್ಟರ ಫೀಸು ಮಾತ್ರ ಬಡವರ ಕೈಗೆ ಎಟುಕುವಂತಿರಲಿಲ್ಲ. ಈ ನಡುವಿನ ಜಾಗದಲ್ಲಿ ಮಾತ್ರೆ ಮಾರುವವರು ಬೆಳೆದರು.

ಥಾಮಸ್ ಹಾಲೊವೇ ಎಂಬಾತ 1837ರಲ್ಲಿ ಮುಲಾಮು ಮಾರಲು ಶುರು ಮಾಡಿದ. ಆಮೇಲೆ ಮಾತ್ರೆಯೂ ಬಂತು. 1842ರಲ್ಲಿ ಜಾಹೀರಾತಿಗೇ ವರ್ಷಕ್ಕೆ 5,000 ಪೌಂಡ್ ಸುರಿದ. 1883ರಲ್ಲಿ ಸಾಯುವ ಹೊತ್ತಿಗೆ ಅದು ವರ್ಷಕ್ಕೆ 50,000 ಪೌಂಡ್ ಆಗಿತ್ತು. ಬಳಸುವ ವಿಧಾನದ ಚೀಟಿಯನ್ನು ಭಾರತದ ಭಾಷೆಗಳಲ್ಲೂ ಅಚ್ಚು ಹಾಕಿಸಿದ್ದ. ಆ ಲಾಭದಲ್ಲಿ ಹೆಣ್ಣುಮಕ್ಕಳಿಗೆ ದೊಡ್ಡ ಕಾಲೇಜು ಕಟ್ಟಿಸಿದ, ಅದು ನಿಜವಾಗಿಯೂ ಒಳ್ಳೆ ಕೆಲಸ. ಲಂಡನ್ ಹತ್ತಿರ ಇವತ್ತಿಗೂ ನಡೆಯುತ್ತಿದೆ. ಆದರೆ ದಾನ ದೊಡ್ಡದು ಅಂತ ಮಾತ್ರೆ ಒಳ್ಳೆಯದಾಗುವುದಿಲ್ಲ.

ಇನ್ನೊಬ್ಬ ಹರ್ಬರ್ಟ್ ಇಂಗ್ರಾಮ್. 152 ವರ್ಷ ಬದುಕಿದ್ದ ಎಂದು ಹೆಸರಾದ ಮುದುಕ ಪಾರ್‌ನ ಹೆಸರಿನಲ್ಲಿ ಆಯುಷ್ಯದ ಮಾತ್ರೆ ಮಾರುತ್ತಿದ್ದ. 1842ರಲ್ಲಿ ಇವನೇ ಲಂಡನ್ನಿನ ಪ್ರಸಿದ್ಧ ಸಚಿತ್ರ ವಾರಪತ್ರಿಕೆಯನ್ನು ಶುರು ಮಾಡಿದ. ಮಾತ್ರೆ ಮಾರುವವನೂ ಅವನೇ, ಪತ್ರಿಕೆ ನಡೆಸುವವನೂ ಅವನೇ. ವೈದ್ಯರ ಸಂಘದ ಪುಸ್ತಕ ಬಂದಾಗ ಬಹಳಷ್ಟು ಪತ್ರಿಕೆಗಳು ಆ ಪುಸ್ತಕದ ಜಾಹೀರಾತು ಹಾಕಲು ಒಪ್ಪಲೇ ಇಲ್ಲ. ಯಾಕೆ ಅಂತ ಈಗ ಗೊತ್ತಾಯಿತಲ್ಲ.

ಇವತ್ತು ಟಿವಿಯಲ್ಲಿ ಅರ್ಧ ಗಂಟೆ "ಆರೋಗ್ಯ ಕಾರ್ಯಕ್ರಮ" ಬಂದಾಗ ಮೊದಲು ಮೂಲೆಯಲ್ಲಿ ನೋಡಿ. "ಇದು ಪ್ರಾಯೋಜಿತ ಕಾರ್ಯಕ್ರಮ" ಅಂತ ಸಣ್ಣ ಅಕ್ಷರ ಇರುತ್ತದೆ. ಪ್ರಶ್ನೆ ಕೇಳುವವರು, ಉತ್ತರ ಹೇಳುವವರು, ಫೋನ್ ಮಾಡಿ ಹೊಗಳುವವರು, ಎಲ್ಲರ ಖರ್ಚನ್ನೂ ಪುಡಿ ಮಾರುವವರೇ ಕೊಟ್ಟಿರುತ್ತಾರೆ.

ರೋಗಗಳನ್ನು ಎಣಿಸಿ

ಪೆನ್ಸಿಲ್ ತೆಗೆದುಕೊಂಡು ಜಾಹೀರಾತಿನಲ್ಲಿರುವ ಒಂದೊಂದು ರೋಗದ ಹೆಸರಿನ ಕೆಳಗೂ ಗೆರೆ ಎಳೆಯಿರಿ. ಹಾಲೊವೇ ಮಾತ್ರೆಯ ಪಟ್ಟಿಯಲ್ಲಿ ಉಬ್ಬಸ, ಚಳಿಜ್ವರ, ಪಿತ್ತ, ಮೈ ಊತ, ಗಡ್ಡೆ, ಹುಣ್ಣು, ಜಂತುಹುಳ ಎಲ್ಲವೂ ಇದ್ದವು. ಎದೆಯ ರೋಗ, ಚರ್ಮದ ರೋಗ, ಹೊಟ್ಟೆಯ ರೋಗ ಮೂರಕ್ಕೂ ಒಂದೇ ಮಾತ್ರೆ ಅಂದರೆ ಆ ಕಾಗದವನ್ನು ಪಕ್ಕಕ್ಕಿಡಿ. ಮುಂದಿನದನ್ನು ಓದುವ ಅಗತ್ಯವೇ ಇಲ್ಲ.

ಆದರೆ ಜನ ಸುಮ್ನೆ ನಂಬುವುದಿಲ್ಲ. ನಂಬುವುದಕ್ಕೆ ಒಂದು ಕಾರಣ ಕೊಟ್ಟಿರುತ್ತಾರೆ. ಜೇಮ್ಸ್ ಮಾರಿಸನ್ ಎಂಬಾತ 1825ರಿಂದ "ಸಾರ್ವತ್ರಿಕ" ಸಸ್ಯ ಮಾತ್ರೆ ಮಾರಿದ. ಎಲ್ಲಾ ರೋಗಕ್ಕೂ ಬೇರು ಒಂದೇ, ಕೆಟ್ಟ ರಕ್ತ. ರಕ್ತ ಶುದ್ಧವಾದರೆ ಎಲ್ಲಾ ರೋಗವೂ ಹೋಗುತ್ತದೆ. ಇದು ಅವನ ವಾದ. ಮಾರಾಟದ ಜಾಗಕ್ಕೆ "ಬ್ರಿಟಿಷ್ ಆರೋಗ್ಯ ಕಾಲೇಜು" ಅಂತ ದೊಡ್ಡ ಹೆಸರು ಇಟ್ಟಿದ್ದ. ಮಾತ್ರೆಯೊಳಗೆ ಜೋರಾಗಿ ಭೇದಿ ಮಾಡಿಸುವ ಗ್ಯಾಂಬೋಜ್ ಎಂಬ ಹಳದಿ ಅಂಟು ಇತ್ತು. ನುಂಗಿದವರಿಗೆ ಹೊಟ್ಟೆ ತೊಳೆದುಹೋಗುತ್ತಿತ್ತು. ಮೈಯೊಳಗಿನ ವಿಷವೇ ಹೊರಗೆ ಬಂತು ಅಂತ ಅವರು ಅಂದುಕೊಳ್ಳುತ್ತಿದ್ದರು. ಸುಸ್ತಾದರೆ ಇನ್ನೂ ಜಾಸ್ತಿ ಮಾತ್ರೆ ತಗೊಳ್ಳಿ ಅನ್ನುವುದೇ ಅವನ ಪದ್ಧತಿ. 1836ರಲ್ಲಿ ಲಂಡನ್ನಿನಲ್ಲಿ ಈ ಮಾತ್ರೆ ಮಾರಿದವನೊಬ್ಬನ ಮೇಲೆ ಗಿರಾಕಿಯ ಸಾವಿಗೆ ಕಾರಣನಾದ ಅಪರಾಧ ಸಾಬೀತಾಯಿತು. ಮಾತ್ರೆ ಮಾರಾಟ ಮಾತ್ರ ನಿಲ್ಲಲಿಲ್ಲ.

ಈ ವಾದವನ್ನು ಗುರುತು ಹಿಡಿಯಲು ಕಲಿಯಿರಿ. "ಎಲ್ಲಾ ರೋಗಕ್ಕೂ ಮೂಲ ಒಂದೇ." ರಕ್ತ ಕೆಟ್ಟಿದೆ, ಕರುಳಲ್ಲಿ ವಿಷ ಕೂತಿದೆ, ಲಿವರ್ ತೊಳೆಯಬೇಕು, ಡಿಟಾಕ್ಸ್ ಮಾಡಬೇಕು. ಹೆಸರು ಬದಲಾಗುತ್ತದೆ, ವಾದ ಅದೇ. ಇದರ ಜೊತೆಗೆ "ಮೊದಲು ರೋಗ ಜಾಸ್ತಿ ಆಗುತ್ತೆ, ಹೆದರಬೇಡಿ, ಅದು ಗುಣವಾಗುವ ಲಕ್ಷಣ" ಅಂತ ಬರೆದಿದ್ದರೆ ಅದು ಅಪಾಯದ ಮಾತು. ಮೈ ಕೊಡುವ ಎಚ್ಚರಿಕೆಯನ್ನೇ ನಂಬಬೇಡಿ ಅಂತ ಕಲಿಸುವ ಮಾತು ಅದು.

ಹೊಸ ವಿಜ್ಞಾನದ ಪದಗಳೂ ಹೀಗೇ ಬರುತ್ತವೆ. ವಿದ್ಯುತ್ ಹೊಸದಾಗಿದ್ದ ಕಾಲದಲ್ಲಿ ಲಂಡನ್ನಿನ ಆಕ್ಸ್‌ಫರ್ಡ್ ರಸ್ತೆಯ ಅಂಗಡಿಯೊಂದು ಸೊಂಟಕ್ಕೆ ಕಟ್ಟುವ ಎಲೆಕ್ಟ್ರಿಕ್ ಬೆಲ್ಟ್ ಮಾರಿ ಹೆಸರು ಮಾಡಿತ್ತು. 1890ರ ದಶಕದಲ್ಲಿ ಪತ್ರಿಕೆಯವರೂ ವಿದ್ಯುತ್ ಬಲ್ಲವರೂ ಅದರ ಬಣ್ಣ ಬಯಲು ಮಾಡಿದರು. ಈಗ ಮ್ಯಾಗ್ನೆಟ್ ಹಾಸಿಗೆ, ಕ್ವಾಂಟಮ್ ಲಾಕೆಟ್ ಬಂದಿವೆ.

ಒಳಗೇನಿದೆ ಅಂತ ಕೇಳಿ

ಆ ಕಾಲದ ಈ ಗುಟ್ಟಿನ ಔಷಧಿಗಳಿಗೆ ಪೇಟೆಂಟ್ ಔಷಧಿ ಅಂತ ಹೆಸರಿದ್ದರೂ ಹೆಚ್ಚಿನವರು ಪೇಟೆಂಟ್ ಮಾಡಿಸಿರಲಿಲ್ಲ. ಮಾಡಿಸಿದ್ದರೆ ಒಳಗೇನಿದೆ ಅಂತ ಬರೆದು ಕೊಡಬೇಕಿತ್ತು. ಗುಟ್ಟೇ ಅವರ ಬಂಡವಾಳ.

ಬೀಚಮ್ ಮಾತ್ರೆಯ ಲೆಕ್ಕ ನೋಡಿ. ನನ್ನ ಗಿರಾಕಿಗಳು ಬಾಯಿ ಮೇಲೆ ಕೈ ಇಟ್ಟುಕೊಳ್ಳುವುದು ಇಲ್ಲೇ. "ಒಂದು ಡಬ್ಬಿಗೆ ಒಂದು ಗಿನಿಯಷ್ಟು ಬೆಲೆ" ಅನ್ನುವುದು ಅದರ ಘೋಷಣೆ. ಗಿನಿ ಅಂದರೆ 21 ಶಿಲ್ಲಿಂಗ್. ಮಾರುತ್ತಿದ್ದದ್ದು 1 ಶಿಲ್ಲಿಂಗ್ ಒಂದೂವರೆ ಪೆನ್ನಿಗೆ, ಅಂದರೆ ಹದಿಮೂರೂವರೆ ಪೆನ್ನಿಗೆ. ಓದಿದವರಿಗೆ ಭಾರೀ ಅಗ್ಗ ಅನಿಸಬೇಕು, ಅದಕ್ಕೇ ಆ ಮಾತು. ವೈದ್ಯರ ಸಂಘ ಬಿಡಿಸಿ ನೋಡಿದಾಗ ಸಿಕ್ಕಿದ್ದು ಒಣಗಿಸಿದ ಲೋಳೆಸರದ ರಸ, ಶುಂಠಿ, ಸೋಪು. 56 ಮಾತ್ರೆಗಳ ಒಳಗಿನ ಸರಕಿನ ಖರ್ಚು ಸುಮಾರು ಅರ್ಧ ಫಾರ್ದಿಂಗ್, ಅಂದರೆ ಪೆನ್ನಿಯ ಎಂಟನೇ ಒಂದು ಭಾಗ. ಮಾರುವ ಬೆಲೆ ಅದರ 100 ಪಟ್ಟಿಗೂ ಜಾಸ್ತಿ. ಮಲಬದ್ಧತೆಗೆ ಆ ಮಾತ್ರೆ ಕೆಲಸ ಮಾಡುತ್ತಿತ್ತು, ಅದು ನಿಜ. ಅಷ್ಟನ್ನೇ ಹೇಳಿ ಮಾರಿದ್ದರೆ ತಕರಾರು ಇರಲಿಲ್ಲ.

ಇನ್ನೊಂದು, ದು ಬಾರಿ ಎಂಬ ಕಂಪನಿಯ ರೆವಲೆಂಟಾ ಅರಾಬಿಕಾ. ಅಜೀರ್ಣದಿಂದ ನರದೌರ್ಬಲ್ಯದವರೆಗೆ ಎಲ್ಲಕ್ಕೂ ದಿವ್ಯ ಆಹಾರ ಅಂತ ಮಾರಿದರು. ಅದು ಮಸೂರ ಬೇಳೆಯ ಹಿಟ್ಟು. ನಮ್ಮ ಜನತಾ ಬಜಾರಿನಲ್ಲಿ ಕಿಲೋ ಲೆಕ್ಕದಲ್ಲಿ ಸಿಗುವ ಮಸೂರ ಬೇಳೆ! ಅದನ್ನು ಔಷಧಿಯ ಬೆಲೆಗೆ ಮಾರಿದರು.

ಈಗ ನಿಮ್ಮ ಕೈಯಲ್ಲಿರುವ ಡಬ್ಬಿಗೆ ಬನ್ನಿ. ಹೋದ ಶ್ರಾವಣದಲ್ಲಿ ಕುಂದಗೋಳ ಕಡೆಯ ಒಬ್ಬ ಯಜಮಾನರು ಸಕ್ಕರೆ ಕಾಯಿಲೆಗೆ ಅಂತ ತರಿಸಿದ ಡಬ್ಬಿಯನ್ನು ನನ್ನ ಕೌಂಟರ್ ಮೇಲೆ ಇಟ್ಟರು. ಹಸಿರು ಮುಚ್ಚಳ, ಮೇಲೆ ಒಬ್ಬ ಋಷಿಯ ಚಿತ್ರ, ಬೇವಿನ ಎಲೆ. "100% ನ್ಯಾಚುರಲ್" ಅಂತ ದಪ್ಪ ಅಕ್ಷರ. ತಿರುಗಿಸಿ ನೋಡಿದರೆ "ಅಪರೂಪದ ಗಿಡಮೂಲಿಕೆಗಳು" ಅಂತ ಒಂದೇ ಸಾಲು. ಯಾವ ಗಿಡ, ಎಷ್ಟು ಗ್ರಾಂ, ಏನೂ ಇಲ್ಲ. ಲೈಸೆನ್ಸ್ ನಂಬರ್ ಇಲ್ಲ, ಬ್ಯಾಚ್ ನಂಬರ್ ಇಲ್ಲ. ತಯಾರಿಸಿದವರ ವಿಳಾಸದ ಜಾಗದಲ್ಲಿ ಒಂದು ಮೊಬೈಲ್ ನಂಬರು ಮಾತ್ರ.

ನೀವೂ ಹೀಗೇ ತಿರುಗಿಸಿ ನೋಡಿ. ಆಯುರ್ವೇದ ಔಷಧಿಗೂ ನಮ್ಮ ದೇಶದಲ್ಲಿ ನಿಯಮ ಇದೆ. ಏನೇನು ಹಾಕಿದ್ದಾರೆ, ಎಷ್ಟು ಹಾಕಿದ್ದಾರೆ, ತಯಾರಿಕೆಯ ಲೈಸೆನ್ಸ್ ನಂಬರ್, ಬ್ಯಾಚ್, ತಯಾರಕರ ಹೆಸರು, ವಿಳಾಸ ಲೇಬಲ್ ಮೇಲೆ ಇರಲೇಬೇಕು. ಒಳ್ಳೆಯ ಆಯುರ್ವೇದ ವೈದ್ಯರನ್ನು ನಾನು ಗೌರವದಿಂದ ಕಾಣುತ್ತೇನೆ. ಅವರು ಎದುರು ಕೂರಿಸಿಕೊಂಡು ನಾಡಿ ನೋಡುತ್ತಾರೆ, ಊಟ ನಿದ್ದೆ ವಿಚಾರಿಸುತ್ತಾರೆ, ಇಷ್ಟು ದಿನದಲ್ಲಿ ಗ್ಯಾರಂಟಿ ಅಂತ ಮಾತು ಕೊಡುವುದಿಲ್ಲ. ಡಬ್ಬಿ ಮೇಲಿನ ಋಷಿ ನಿಮ್ಮ ನಾಡಿ ನೋಡಿಲ್ಲ.

ತಟ್ಟನೆ ಗುಣ ಕಂಡರೆ ಇನ್ನೂ ಹುಷಾರು

ಈ ಭಾಗವನ್ನು ನಿಧಾನವಾಗಿ ಓದಿ ಅಂತ ಕೇಳಿಕೊಳ್ಳುತ್ತೇನೆ. ಏನೂ ಇಲ್ಲದ ಪುಡಿ ದುಡ್ಡು ತಿನ್ನುತ್ತದೆ. ಏನೋ ಇರುವ ಪುಡಿ ಜೀವ ತಿನ್ನುತ್ತದೆ.

ಇಂಗ್ಲೆಂಡಿನ ಗಿರಣಿ ಊರುಗಳಲ್ಲಿ ತಾಯಂದಿರು ಕೆಲಸಕ್ಕೆ ಹೋಗುವಾಗ ಕೂಸುಗಳನ್ನು ನೋಡಿಕೊಳ್ಳುವ ಹೆಂಗಸರ ಹತ್ತಿರ ಬಿಡುತ್ತಿದ್ದರು. ಅಳುವ ಕೂಸಿಗೆ ಗಾಡ್‌ಫ್ರೀ ಕಾರ್ಡಿಯಲ್ ಕುಡಿಸುತ್ತಿದ್ದರು. ಸಿಹಿ ಕಾಕಂಬಿಯಲ್ಲಿ ಅಫೀಮು ಬೆರೆಸಿದ ದ್ರವ ಅದು. ಕೂಸು ಮಲಗುತ್ತಿತ್ತು. ಮಲಗಿದ ಕೂಸು ಹಸಿವಾದರೂ ಅಳುವುದಿಲ್ಲ, ಹಾಲು ಕೇಳುವುದಿಲ್ಲ. ಹಾಗೇ ಒಣಗುತ್ತಾ ಹೋಗುತ್ತಿತ್ತು. ಎಷ್ಟೋ ಕೂಸುಗಳು ಎದ್ದೇಳಲೇ ಇಲ್ಲ. ಅಮೆರಿಕದಲ್ಲಿ 1849ರಿಂದ ಮಾರಿದ ಮಿಸೆಸ್ ವಿನ್‌ಸ್ಲೊ ಸಿರಪ್‌ನಲ್ಲಿ ಮಾರ್ಫಿನ್ ಇತ್ತು. ಹಲ್ಲು ಬರುವ ಕೂಸಿಗೆ ಅದು ಬೇಕೇ ಬೇಕು ಅಂತ ಜಾಹೀರಾತು. ಚಿತ್ರದಲ್ಲಿ ನಗುವ ತಾಯಿ, ದುಂಡು ದುಂಡನೆಯ ಮಕ್ಕಳು. ಇಂಗ್ಲೆಂಡಿನಲ್ಲಿ 1868ರ ಕಾನೂನು ಅಫೀಮಿನ ಮಾರಾಟಕ್ಕೆ ಕಡಿವಾಣ ಹಾಕಿತು, ಪೇಟೆಂಟ್ ಔಷಧಿಗಳನ್ನು ಮಾತ್ರ ಹೊರಗೆ ಬಿಟ್ಟಿತು. ಇದನ್ನು ಓದಿದಾಗೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಕ್ಲೋರೊಡೈನ್ ಕಥೆ ನಮ್ಮ ದೇಶಕ್ಕೂ ಸೇರಿದ್ದು. ಜಾನ್ ಕಾಲಿಸ್ ಬ್ರೌನ್ ಎಂಬ ಸೇನಾ ವೈದ್ಯ ಭಾರತದಲ್ಲಿದ್ದಾಗ ಕಾಲರಾಗೆ ಅಂತ ಇದನ್ನು ಕಲೆಸಿದ. ಅಫೀಮು, ಗಾಂಜಾ, ಕ್ಲೋರೊಫಾರ್ಮ್ ಮೂರೂ ಇದ್ದವು. ನೋವು, ಕೆಮ್ಮು, ಭೇದಿ ತಕ್ಷಣ ನಿಲ್ಲುತ್ತಿದ್ದವು. ಅಫೀಮು ಮಾಡುವ ಕೆಲಸವೇ ಅದು. ಕಾಲರಾ ಮಾತ್ರ ಒಳಗೆ ಹಾಗೇ ಇರುತ್ತಿತ್ತು. ಕುಡಿಯುತ್ತಾ ಹೋದವರಿಗೆ ಚಟ ಹತ್ತುತ್ತಿತ್ತು. "ನನಗೆ ಗುಣ ಆಯ್ತು" ಅನ್ನುವವರು ಸುಳ್ಳು ಹೇಳುತ್ತಿರಲಿಲ್ಲ, ಅವರಿಗೆ ನಿಜಕ್ಕೂ ಹಾಗೇ ಅನಿಸುತ್ತಿತ್ತು.

ಇವತ್ತು ಅಫೀಮಿನ ಜಾಗದಲ್ಲಿ ಸ್ಟೆರಾಯ್ಡ್ ಕೂತಿದೆ. ಕೀಲುನೋವು, ಉಬ್ಬಸ, ಚರ್ಮದ ತುರಿಕೆಗೆ ಅಂತ ಮಾರುವ ಹೆಸರಿಲ್ಲದ ಪುಡಿಗಳಲ್ಲಿ ಡೆಕ್ಸಾಮೆಥಾಸೋನ್‌ನಂಥ ಸ್ಟೆರಾಯ್ಡ್ ಬೆರೆಸಿರುವುದು ಲ್ಯಾಬ್ ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಸಿಕ್ಕಿದೆ. ನವಲಗುಂದ ಕಡೆಯ ಒಬ್ಬ ತಾಯಿ ಸಂತೆಯಲ್ಲಿ ಕೊಂಡ ಪುಡಿಯನ್ನು ಹೀಗೇ ತಿನ್ನುತ್ತಿದ್ದರು. "ಎರಡ ದಿನಕ್ಕ ಮೊಳಕಾಲ ಹಗರ ಆತ್ರಿ ಅಕ್ಕಾರ, ಹೊಲಕ್ಕ ನಡಕೊಂಡ ಹೋದ್ನಿ" ಅಂತ ಖುಷಿಯಿಂದ ಹೇಳಿದರು. ನಾನು ನೋಡಿದ್ದು ಅವರ ಮುಖವನ್ನು. ಕೆನ್ನೆ ಚಂದ್ರನ ಹಾಗೆ ದುಂಡಗೆ ಊದಿಕೊಂಡಿತ್ತು, ತೋಳುಗಳು ಮಾತ್ರ ಸಣ್ಣಗಾಗಿದ್ದವು. ಎಂದೂ ಇಲ್ಲದ ಶುಗರ್ ಬಂದಿತ್ತು.

ಈ ಲಕ್ಷಣಗಳನ್ನು ನೆನಪಿಟ್ಟುಕೊಳ್ಳಿ: ವರ್ಷಗಳ ನೋವು ಒಂದೆರಡು ದಿನದಲ್ಲಿ ಮಾಯ. ಹಸಿವು ಜೋರು. ಮುಖ ಊದುವುದು, ಹೊಟ್ಟೆ ಬರುವುದು, ಚರ್ಮ ತೆಳುವಾಗಿ ನೀಲಿ ಕಲೆ ಬೀಳುವುದು. ಬಿಪಿ, ಶುಗರ್ ಏರುವುದು. ಪುಡಿ ಬಿಟ್ಟ ತಕ್ಷಣ ನೋವು ಮೊದಲಿಗಿಂತ ಜಾಸ್ತಿ ಆಗಿ ಮರಳುವುದು.

ಇಷ್ಟು ಗೊತ್ತಾದ ಕೂಡಲೇ ಪುಡಿಯನ್ನು ಬಚ್ಚಲಿಗೆ ಸುರಿಯುವವರಿದ್ದಾರೆ. ಹಾಗೆ ಮಾಡಬೇಡಿ. ಬಹಳ ದಿನ ಸ್ಟೆರಾಯ್ಡ್ ತಿಂದ ಮೈ ತನಗೆ ಬೇಕಾದ ಹಾರ್ಮೋನನ್ನು ತಾನೇ ಮಾಡುವುದನ್ನು ನಿಲ್ಲಿಸಿರುತ್ತದೆ. ಒಮ್ಮೆಲೇ ಬಿಟ್ಟರೆ ಬಿಪಿ ಕುಸಿದು ಜೀವಕ್ಕೇ ಬರಬಹುದು. ಅವತ್ತೇ ಪುಡಿಯ ಸಮೇತ ಡಾಕ್ಟರ ಹತ್ತಿರ ಹೋಗಿ. "ಇದನ್ನು ಇಷ್ಟು ತಿಂಗಳಿಂದ ತಿಂದೀನ್ರಿ" ಅಂತ ಮುಚ್ಚುಮರೆ ಇಲ್ಲದೆ ಹೇಳಿ. ಅವರು ಹಂತ ಹಂತವಾಗಿ ಬಿಡಿಸುತ್ತಾರೆ.

ಯಾರ ಮಾತು, ಯಾರ ಮುದ್ರೆ

ಹಳೆಯ ಜಾಹೀರಾತಿನಲ್ಲಿ ಗುಣವಾದವರ ಪತ್ರಗಳಿಗೆ ಲೆಕ್ಕವೇ ಇಲ್ಲ. ಡಾಕ್ಟರ್ ವಿಲಿಯಮ್ಸ್ ಅವರ ಗುಲಾಬಿ ಮಾತ್ರೆಯವರು ಪತ್ರಿಕೆಯ ಸುದ್ದಿಯ ಹಾಗೇ ತಲೆಬರಹ ಕೊಟ್ಟು, ನಿಮ್ಮ ಪಕ್ಕದ ಊರಿನ ಹುಡುಗಿ ಹಾಸಿಗೆಯಿಂದ ಎದ್ದ ಕಥೆ ಬರೆದು, ಕೊನೆಗೆ ಮಾತ್ರೆಯ ಹೆಸರು ಹೇಳುತ್ತಿದ್ದರು. ಒಳಗಿದ್ದದ್ದು ಕಬ್ಬಿಣದ ಉಪ್ಪು. ರಕ್ತ ಕಡಿಮೆ ಇದ್ದವರಿಗೆ ಅದು ಉಪಯೋಗಕ್ಕೆ ಬರುತ್ತದೆ. ಆದರೆ ಪಾರ್ಶ್ವವಾಯುವಿಗೂ ಅದೇ ಮಾತ್ರೆ ಅಂದರು.

ಅಮೆರಿಕದ ಲಿಡಿಯಾ ಪಿಂಕಮ್ ಹೆಂಗಸರ ತೊಂದರೆಗೆ ಔಷಧಿ ಮಾರಿದಾಕೆ. ಅದರಲ್ಲಿ ನೂರಕ್ಕೆ ಸುಮಾರು 18 ಪಾಲು ಮದ್ಯಸಾರ ಇತ್ತು. ನಿಮ್ಮ ಕಷ್ಟ ಬರೆಯಿರಿ, ಶ್ರೀಮತಿ ಪಿಂಕಮ್ ಉತ್ತರ ಕೊಡುತ್ತಾರೆ ಅಂತ ಜಾಹೀರಾತು ಹೇಳುತ್ತಿತ್ತು. ಗಂಡಸು ಡಾಕ್ಟರಿಗೆ ಹೇಳಲಾರದ್ದನ್ನು ಹೆಂಗಸರು ನಂಬಿ ಬರೆದರು. 1905ರಲ್ಲಿ ಅಲ್ಲಿನ ಒಂದು ಮಹಿಳಾ ಪತ್ರಿಕೆ ಆಕೆಯ ಸಮಾಧಿ ಕಲ್ಲಿನ ಫೋಟೊ ಅಚ್ಚು ಹಾಕಿತು. ಆಕೆ 1883ರಲ್ಲೇ ತೀರಿಕೊಂಡಿದ್ದಳು.

ಗುಣವಾದವರ ಮಾತು ಕೇಳಿದಾಗ ನಾಲ್ಕು ಪ್ರಶ್ನೆ ಹಾಕಿಕೊಳ್ಳಿ. ಅವರಿಗೆ ಆ ರೋಗ ಇತ್ತು ಅಂತ ಪರೀಕ್ಷೆ ಆಗಿತ್ತಾ? ತಾನಾಗೇ ಕಡಿಮೆಯಾಗುವ ರೋಗವಾ? ಜೊತೆಗೆ ಬೇರೆ ಮಾತ್ರೆ ತಿನ್ನುತ್ತಿದ್ದರಾ? ಗುಣವಾಗದವರ ಪತ್ರ ಎಲ್ಲಿದೆ? ಈಗಂತೂ ಹೆಸರಾದ ಡಾಕ್ಟರ ಮುಖ, ದನಿ ಕದ್ದು ಕಂಪ್ಯೂಟರಿನಲ್ಲಿ ವಿಡಿಯೊ ಮಾಡುತ್ತಾರೆ. ತುಟಿ ಆಡುವುದನ್ನು ನೋಡಿ ನಂಬಬೇಡಿ. ಆ ಡಾಕ್ಟರ ಆಸ್ಪತ್ರೆಗೆ ಫೋನ್ ಹಚ್ಚಿ ಕೇಳಿ.

ಮುದ್ರೆಯ ಮಾತೂ ಇದೇ. ಇಂಗ್ಲೆಂಡಿನಲ್ಲಿ 1783ರಿಂದ ಇಂಥ ಔಷಧಿಗೆ ತೆರಿಗೆ ಇತ್ತು. ಡಬ್ಬಿ ಮೇಲೆ ಸರ್ಕಾರದ ಸ್ಟ್ಯಾಂಪು ಅಂಟಿಸುತ್ತಿದ್ದರು. ಅದು ತೆರಿಗೆ ಕಟ್ಟಿದ ಗುರುತು ಅಷ್ಟೇ. ಜನ ಸರ್ಕಾರವೇ ಒಪ್ಪಿದ ಔಷಧಿ ಅಂದುಕೊಂಡರು, ಮಾರುವವರು ಹಾಗೇ ಅಂದುಕೊಳ್ಳಲಿ ಅಂತ ಬಿಟ್ಟರು. 1864ರಲ್ಲಿ ಕ್ಲೋರೊಡೈನ್ ಕಂಡುಹಿಡಿದವರು ಯಾರು ಅಂತ ಕೋರ್ಟಿನಲ್ಲಿ ಜಗಳ ನಡೆದಾಗ ನ್ಯಾಯಾಧೀಶರು ಬ್ರೌನ್ ಪರವಾಗಿ ಮಾತಾಡಿದರು. ಆ ಮಾತನ್ನು ಜಾಹೀರಾತಿನಲ್ಲಿ ವರ್ಷಗಟ್ಟಲೆ ಅಚ್ಚು ಹಾಕಿದರು. ಕೋರ್ಟು ಹೇಳಿದ್ದು ಯಾರು ಕಂಡುಹಿಡಿದರು ಅಂತ. ಅದರಿಂದ ರೋಗ ಗುಣವಾಗುತ್ತದೆ ಅಂತ ಹೇಳಿರಲಿಲ್ಲ.

ನಿಮ್ಮ ಡಬ್ಬಿಯ ಮೇಲೆ ಎಫ್‌ಎಸ್‌ಎಸ್‌ಎಐ ಗುರುತು, 14 ಅಂಕಿಯ ನಂಬರು ಇದೆಯಾ? ಹಾಗಿದ್ದರೆ ಅದು ಆಹಾರ ಪದಾರ್ಥ, ಔಷಧಿ ಅಲ್ಲ. ರೋಗ ಗುಣಮಾಡುತ್ತದೆ ಅಂತ ಅದನ್ನು ಮಾರುವ ಹಾಗೇ ಇಲ್ಲ. ಐಎಸ್‌ಒ ಅಂದರೆ ಕೆಲಸದ ವ್ಯವಸ್ಥೆಗೆ ಕೊಟ್ಟ ಸರ್ಟಿಫಿಕೇಟು. ಪುಡಿ ಫಲ ಕೊಡುತ್ತದೆ ಅನ್ನುವುದಕ್ಕೆ ಅದು ಸಾಕ್ಷಿಯಲ್ಲ.

ಗ್ಯಾರಂಟಿ ಕೊಟ್ಟರೆ

ನಮ್ಮ ನವನಗರದಲ್ಲಿ ಕಾನೂನು ವಿಶ್ವವಿದ್ಯಾಲಯ ಇದೆ. ಕಾನೂನು ಓದುವ ಹುಡುಗರು ಅಂಗಡಿಗೆ ಬಂದರೆ ಕಾರ್ಬಾಲಿಕ್ ಹೊಗೆ ಉಂಡೆಯ ಹೆಸರು ತೆಗೆಯುತ್ತೇನೆ. ಎಲ್ಲರಿಗೂ ಗೊತ್ತಿರುತ್ತದೆ, ಒಪ್ಪಂದದ ಪಾಠದಲ್ಲಿ ಅದು ಬರುತ್ತದೆ. 1891ರ ನವೆಂಬರಿನಲ್ಲಿ ಲಂಡನ್ನಿನ ಕಂಪನಿಯೊಂದು ಜಾಹೀರಾತು ಕೊಟ್ಟಿತು. ಕಾರ್ಬಾಲಿಕ್ ಆಸಿಡ್ ತುಂಬಿದ ರಬ್ಬರ್ ಉಂಡೆಯನ್ನು ದಿನಕ್ಕೆ ಮೂರು ಸಲ, ಎರಡು ವಾರ ಮೂಗಿಗೆ ಹಿಡಿಯಿರಿ. ಆಮೇಲೂ ಇನ್‌ಫ್ಲುಯೆಂಜಾ ಬಂದರೆ 100 ಪೌಂಡ್ ಕೊಡುತ್ತೇವೆ. ನಂಬಿಕೆಗಾಗಿ ಬ್ಯಾಂಕಿನಲ್ಲಿ 1,000 ಪೌಂಡ್ ಇಟ್ಟಿದ್ದೇವೆ. ಉಂಡೆಯ ಬೆಲೆ 10 ಶಿಲ್ಲಿಂಗ್. ಶ್ರೀಮತಿ ಕಾರ್ಲಿಲ್ ಎಂಬಾಕೆ ಹೇಳಿದಂತೆಯೇ ಬಳಸಿದಳು. 1892ರ ಜನವರಿಯಲ್ಲಿ ಆಕೆಗೆ ಜ್ವರ ಬಂತು. ದುಡ್ಡು ಕೇಳಿದಳು. ಅದು ಬರೀ ಜಾಹೀರಾತಿನ ಬಣ್ಣದ ಮಾತು, ಒಪ್ಪಂದವಲ್ಲ ಅಂತ ಕಂಪನಿ ವಾದಿಸಿತು. ಬ್ಯಾಂಕಿನಲ್ಲಿ ದುಡ್ಡು ಇಟ್ಟಿದ್ದೇವೆ ಅಂದ ಮೇಲೆ ಅದು ಬಣ್ಣದ ಮಾತಲ್ಲ, ಕೊಡಿ ಅಂತ ಕೋರ್ಟು ಹೇಳಿತು.

ಆಮೇಲೂ ಕಂಪನಿ ಹೊಸ ಜಾಹೀರಾತು ಕೊಟ್ಟಿತು. ಬಹುಮಾನ 200 ಪೌಂಡಿಗೆ ಏರಿತು, ಜೊತೆಗೆ ಷರತ್ತುಗಳೂ ಬಿಗಿಯಾದವು. "ಗುಣವಾಗದಿದ್ದರೆ ಹಣ ವಾಪಸ್" ಅಂತ ಓದಿದಾಗ ಈ ಷರತ್ತುಗಳನ್ನೇ ಹುಡುಕಿ. ಯಾರು ವಾಪಸ್ ಕೊಡುತ್ತಾರೆ, ಎಷ್ಟು ದಿನದೊಳಗೆ, ಬಿಲ್ ಇದೆಯಾ, ಪಥ್ಯ ಮುರಿದಿರಿ ಅಂತ ತಪ್ಪಿಸಿಕೊಳ್ಳುವ ದಾರಿ ಇದೆಯಾ. ಮೊಬೈಲ್ ನಂಬರ್ ಬಿಟ್ಟು ವಿಳಾಸವೇ ಇಲ್ಲದವರ ಗ್ಯಾರಂಟಿ ತಗೊಂಡು ಏನು ಮಾಡುತ್ತೀರಿ?

ದೂರು ಕೊಡುವುದು

ಇಂಗ್ಲೆಂಡಿನ ಪಾರ್ಲಿಮೆಂಟು 1912ರಲ್ಲಿ ಈ ಔಷಧಿಗಳ ಮೇಲೆ ಸಮಿತಿ ಕೂರಿಸಿತು. ವರದಿ ಹೊರಬಿದ್ದದ್ದು 1914ರ ಆಗಸ್ಟ್ 4ರಂದು, ಬ್ರಿಟನ್ ಯುದ್ಧ ಸಾರಿದ ದಿನವೇ. ಅದು ಮೂಲೆಗೆ ಬಿತ್ತು.

ನಮ್ಮಲ್ಲಿ 1954ರಿಂದಲೇ ಇದಕ್ಕೆಂದೇ ಕಾಯ್ದೆ ಇದೆ. ಸಕ್ಕರೆ ಕಾಯಿಲೆ, ಕ್ಯಾನ್ಸರ್, ಬಿಪಿ, ಹೃದಯದ ರೋಗ, ಮೂರ್ಛೆ, ತೊನ್ನು, ಪಾರ್ಶ್ವವಾಯು, ಕಿಡ್ನಿ ಕಲ್ಲು, ಬೊಜ್ಜು, ಬಂಜೆತನ ಹೀಗೆ 54 ರೋಗಗಳ ಪಟ್ಟಿ ಅದರಲ್ಲಿದೆ. ಇವನ್ನು ಗುಣಮಾಡುತ್ತೇವೆ ಅಂತ ಜನರಿಗೆ ಜಾಹೀರಾತು ಕೊಡುವುದೇ ಅಪರಾಧ. ತಾಯಿತ, ಮಂತ್ರ, ಕವಚಗಳಿಂದ ಗುಣಮಾಡುತ್ತೇವೆ ಅನ್ನುವುದೂ ಇದರೊಳಗೆ ಬರುತ್ತದೆ. ಕರಪತ್ರ, ಲೇಬಲ್, ಬಾಯಿಮಾತಿನ ಘೋಷಣೆ, ಬೆಳಕು, ಸದ್ದು, ಹೊಗೆಯಿಂದ ಮಾಡಿದ್ದೂ ಜಾಹೀರಾತೇ ಅಂತ ಕಾಯ್ದೆ ಬಿಡಿಸಿ ಹೇಳಿದೆ. ಮೊದಲ ಸಲ ಸಿಕ್ಕಿಬಿದ್ದರೆ 6 ತಿಂಗಳವರೆಗೆ ಜೈಲು ಆಗಬಹುದು.

ಮಾಡಬೇಕಾದದ್ದು ಇಷ್ಟು. ಕರಪತ್ರ ಸಿಕ್ಕರೆ ಹರಿಯಬೇಡಿ, ಎಲ್ಲಿ ಯಾವತ್ತು ಸಿಕ್ಕಿತು ಅಂತ ಹಿಂದೆ ಬರೆದಿಡಿ. ಪತ್ರಿಕೆಯಾದರೆ ಹೆಸರು, ತಾರೀಕು, ಪುಟದ ಸಮೇತ ಫೋಟೊ ತೆಗೆಯಿರಿ. ವಿಡಿಯೊ ಆದರೆ ಲಿಂಕು, ಸ್ಕ್ರೀನ್‌ಶಾಟ್ ಎರಡೂ ಇರಲಿ. ಡಬ್ಬಿ, ಉಳಿದ ಪುಡಿ, ಕೊರಿಯರ್ ಚೀಟಿ, ದುಡ್ಡು ಕಳಿಸಿದ ದಾಖಲೆ ಒಂದೇ ಚೀಲದಲ್ಲಿ ಹಾಕಿಡಿ. ಇವನ್ನು ಔಷಧ ನಿಯಂತ್ರಣ ಇಲಾಖೆಗೆ ಅರ್ಜಿಯ ಜೊತೆ ಕೊಡಿ, ಸ್ವೀಕೃತಿ ಕೇಳಿ ಪಡೆಯಿರಿ. ಆಯುರ್ವೇದದ ಹೆಸರಿನ ಮಾಲಾದರೆ ಆಯುಷ್ ಇಲಾಖೆಗೂ ಒಂದು ಪ್ರತಿ ಇರಲಿ. ತಿಂದು ತೊಂದರೆಯಾಗಿದ್ದರೆ ಔಷಧಿಗಳ ಅಡ್ಡಪರಿಣಾಮ ದಾಖಲಿಸುವ ರಾಷ್ಟ್ರೀಯ ಸಹಾಯವಾಣಿ ಇದೆ: 1800-180-3024. ಪುಕ್ಕಟೆ ಫೋನು.

ಕೊನೆಗೆ ಮನೆಯ ಮಾತು, ನನ್ನ ಗಿರಾಕಿಗಳ ಮಕ್ಕಳು ಜಾಸ್ತಿ ಕೇಳುವುದು ಇದನ್ನೇ. ಅಪ್ಪ ಆಗಲೇ ಪುಡಿ ತರಿಸಿ ತಿನ್ನುತ್ತಿದ್ದಾರೆ, ಏನು ಮಾಡಲಿ? ಬೈಯಬೇಡಿ. ಬೈದರೆ ಡಬ್ಬಿ ಕಪಾಟಿನ ಹಿಂದೆ ಹೋಗುತ್ತದೆ, ತಿನ್ನುವುದು ನಿಲ್ಲುವುದಿಲ್ಲ. ಅವರು ಆ ಜಾಹೀರಾತು ನಂಬಿದ್ದಕ್ಕೆ ಕಾರಣ ಇರುತ್ತದೆ. ನೋವು ಇರುತ್ತದೆ, ಡಾಕ್ಟರು ಎರಡು ನಿಮಿಷ ಕೂತು ಮಾತಾಡಿರುವುದಿಲ್ಲ, ಆಪರೇಷನ್ ಅಂದರೆ ಹೆದರಿಕೆ ಇರುತ್ತದೆ. ಅದನ್ನು ಮೊದಲು ಕೇಳಿ. ಆಮೇಲೆ "ಅಪ್ಪಾ, ಮೊದಲಿನ ಗುಳಿಗಿ ಬಿಟ್ಟಿಲ್ಲ ಹೌದಲ್ಲ?" ಅಂತ ಕೇಳಿ. ಈ ಪ್ರಶ್ನೆಯನ್ನು ಮರೆಯಬೇಡಿ. ಇನ್ಸುಲಿನ್, ಬಿಪಿ ಮಾತ್ರೆ, ಮೂರ್ಛೆಯ ಮಾತ್ರೆ, ಟಿಬಿ ಮಾತ್ರೆ, ಇವುಗಳಲ್ಲಿ ಯಾವುದನ್ನಾದರೂ ಪುಡಿ ನಂಬಿ ಬಿಟ್ಟಿದ್ದರೆ ನಾಳೆ ಅನ್ನಬೇಡಿ, ಅವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಬಿಟ್ಟಿಲ್ಲ ಅಂದರೆ ಶುಗರ್, ಬಿಪಿ ಒಮ್ಮೆ ನೋಡಿಸಿ, ಡಬ್ಬಿಯನ್ನು ನಿಮ್ಮ ಹತ್ತಿರದ ಔಷಧಿ ಅಂಗಡಿಯವರ ಎದುರು ಇಟ್ಟು ಲೇಬಲ್ ಓದಿಸಿ. ಓದಿ ಹೇಳುವುದಕ್ಕೆ ನಾವು ದುಡ್ಡು ತಗೊಳ್ಳುವುದಿಲ್ಲ.